ಗಂಟೆಗೆ ನಾಲ್ಕಾಣೆ

ಸೈಕಲ್ಲಿಗೂ ಲೈಸೆನ್ಸ್ ಇತ್ತು, ರಾತ್ರಿ ದೀಪವಿಲ್ಲದೆ ಹೊರಟರೆ ಪೊಲೀಸಿನವರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು ಎಂದರೆ ನನ್ನ ಮೊಮ್ಮಗಳು ನಗುತ್ತಾಳೆ. ತಾತ ಕತೆ ಕಟ್ಟುತ್ತಿದ್ದಾನೆ ಎಂಬ ಗುಮಾನಿ ಅವಳಿಗೆ. ಬಾಡಿಗೆ ಸೈಕಲ್ ಅಂಗಡಿಯ ವಿಷಯ ಬಂದಾಗ, "ತಗೊಂಡು ಓಡಿ ಹೋದ್ರೆ ಏನ್ ಮಾಡ್ತಿದ್ರು ತಾತ? ಆಗ ಫೋನ್ ನಂಬರ್ ಕೂಡ ಇರ್ತಿರ್ಲಿಲ್ವಲ್ಲ?" ಎಂದಳು. ಓಡಿ ಎಲ್ಲಿಗೆ ಹೋಗೋದು ಮಗು, ಆಗಿನ ಮೈಸೂರು ಅಷ್ಟು ದೊಡ್ಡದಿರಲಿಲ್ಲ ಎಂದೆ. ಅದು ಅರ್ಧ ಉತ್ತರ. ಪೂರ್ತಿ ಹೇಳಬೇಕಾದರೆ ಸೈಕಲ್ ಸಾಬರಿಂದಲೇ ಶುರು ಮಾಡಬೇಕು.

ಅಗ್ರಹಾರದ ಕಡೆ ಹಿಟ್ಟಿನ ಗಿರಣಿಗೆ ಅಂಟಿಕೊಂಡಂತೆ ಒಂದೇ ಬಾಗಿಲಿನ ಅಂಗಡಿ. ಬೋರ್ಡು ಇರಲಿಲ್ಲ. ಅವರ ಹೆಸರೇನೆಂದು ನಾವು ಕೇಳಲೂ ಇಲ್ಲ. ಊರಿಗೆಲ್ಲ ಅವರು ಸೈಕಲ್ ಸಾಬರು. ಹೊರಗೆ ಸಾಲಾಗಿ ನಿಂತ ಸೈಕಲ್ಲುಗಳ ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಪೇಂಟಿನಲ್ಲಿ ನಂಬರು. 3ನೇ ನಂಬರಿಗೆ ಬ್ರೇಕ್ ಹಿಡಿಯುತ್ತಿರಲಿಲ್ಲ. 5ನೇ ನಂಬರಿನ ಚೈನು ಅಗ್ರಹಾರ ಸರ್ಕಲ್ ದಾಟುವುದರೊಳಗೆ ಕಳಚುತ್ತಿತ್ತು. ಒಳ್ಳೆಯದು ಬೇಕಾದವನು ಭಾನುವಾರ ಬೆಳಿಗ್ಗೆ ಅವರು ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಲ್ಲಬೇಕಿತ್ತು. ಚಿಕ್ಕ ಸೈಕಲ್ ಇದ್ದದ್ದು ಎರಡೇ. ಅವು ಸಿಗದಿದ್ದರೆ ದೊಡ್ಡದನ್ನೇ ತೆಗೆದುಕೊಂಡು ಒಳಪೆಡಲ್ ತುಳಿಯುವುದು. ಗಂಟೆಗೆ ನಾಲ್ಕಾಣೆ. ಇಪ್ಪತ್ತೈದು ಪೈಸೆ ಎಂದು ಯಾರೂ ಹೇಳುತ್ತಿರಲಿಲ್ಲ.

ಉದ್ದನೆಯ ಪುಸ್ತಕವೊಂದರಲ್ಲಿ ಹೊರಟ ಹೊತ್ತು ಬರೆದುಕೊಳ್ಳುತ್ತಿದ್ದರು. ಅದರಲ್ಲಿ ನಮ್ಮ ಹೆಸರುಗಳಿರುತ್ತಿರಲಿಲ್ಲ. ಪೋಸ್ಟಾಫೀಸ್ ರಾಯರ ಮಗ, ಗಿರಣಿ ಮನೆಯ ಎರಡನೆಯವನು, ಹೀಗೆ. ನಾನು ಸೈಕಲ್ ಒಯ್ದು ಬಿದ್ದರೆ ಸುದ್ದಿ ಅಪ್ಪನಿಗೆ ನನಗಿಂತ ಮೊದಲು ತಲುಪುತ್ತಿತ್ತು. ಅದೇ ಅವರ ಜಾಮೀನು. ಆದರೆ ಯಾರ ಮಗ ಎಂದು ಬರೆಸಿಕೊಳ್ಳುವ ಯೋಗ್ಯತೆ ಎಲ್ಲರ ಅಪ್ಪಂದಿರಿಗೂ ಇರಲಿಲ್ಲ. ಕೇರಿಯ ಹುಡುಗರು ಬಂದರೆ, ಪರಿಚಯದವರು ಯಾರಾದರೂ ಹೇಳಿದ ಮೇಲೇ ಸೈಕಲ್ ಹೊರಡುತ್ತಿತ್ತು. ನನ್ನ ಕ್ಲಾಸಿನ ಹುಡುಗನೊಬ್ಬ ಕೈಯಲ್ಲಿ ನಾಲ್ಕಾಣೆ ಹಿಡಿದುಕೊಂಡು ನಾನು ಬರುವವರೆಗೂ ಅಲ್ಲಿ ಕಾದು ನಿಂತದ್ದುಂಟು. ಆಗ ನಮಗೆ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಈಗಿನ ಬಾಡಿಗೆ ಸೈಕಲ್ಲಿನ ಆ್ಯಪ್‌ಗೆ ಯಾರ ಮಗನಾದರೂ ಒಂದೇ. ಅಷ್ಟರ ಮಟ್ಟಿಗೆ ಅದು ಸಾಬರಿಗಿಂತ ಮೇಲು.

ಆ ಅಂಗಡಿಯ ವಾಸನೆ ಮಾತ್ರ ಯಾವ ಆ್ಯಪ್‌ಗೂ ಬರುವುದಿಲ್ಲ. ಪಂಕ್ಚರ್ ಹಾಕುವ ಸಲ್ಯೂಷನ್, ಬಾಲ್ಸು ತೊಳೆಯುವ ಸೀಮೆಎಣ್ಣೆ, ಹಳೇ ಗ್ರೀಸು, ಅದರ ಮೇಲೆ ಪಕ್ಕದ ಗಿರಣಿಯಿಂದ ತೇಲಿ ಬರುವ ಬಿಸಿ ರಾಗಿ ಹಿಟ್ಟು. ಸಾಬರು ಟ್ಯೂಬನ್ನು ಕಪ್ಪುಗಟ್ಟಿದ ನೀರಿನ ಬೋಗುಣಿಯಲ್ಲಿ ಅಂಗುಲ ಅಂಗುಲವಾಗಿ ಮುಳುಗಿಸುತ್ತಾ ಗುಳ್ಳೆ ಏಳುವ ಕಡೆ ಹೆಬ್ಬೆರಳಿಟ್ಟು ಹಿಡಿಯುವರು. ಒರೆಸಿ, ಅರದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ತುಟಿ ಸುತ್ತು ಮಾಡಿ ಊದುವರು. ಆ ಊದುವ ಹೊತ್ತಿಗೆ ನಾವೆಲ್ಲ ಮೂಗು ಹತ್ತಿರ ತರುತ್ತಿದ್ದೆವು. "ದೂರ ನಿಲ್ರೋ, ತಲೆ ತಿರುಗ್ತದೆ" ಎಂದು ಗದರುವರು. ಹಳೇ ಟ್ಯೂಬಿನಿಂದ ಕತ್ತರಿಸಿದ ತುಂಡನ್ನು ಕೂರಿಸಿ, ಮರದ ಸುತ್ತಿಗೆಯಿಂದ ನಾಲ್ಕು ಬಡಿದರೆ ಮುಗಿಯಿತು. ಟೈರ್ ಹಾಳಾದರೂ ಅವರು ಹಾಕಿದ ಪಂಕ್ಚರ್ ಏಳುತ್ತಿರಲಿಲ್ಲ.

ರಿಮ್ಮಿನ ಬೆಂಡ್ ತೆಗೆಯುವುದರಲ್ಲಿ ಅವರಿಗೆ ಸಮ ಇರಲಿಲ್ಲ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಚಕ್ರ ತಿರುಗಿಸಿ, ಸೀಮೆಸುಣ್ಣದ ತುಂಡನ್ನು ರಿಮ್ಮಿನ ಪಕ್ಕ ಹಿಡಿಯುವರು. ಸುಣ್ಣ ತಾಗಿದ ಕಡೆ ಬೆಂಡು. ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ, ಕಿವಿಗೊಟ್ಟು, ಎಲ್ಲಿ ಬಿಗಿ ಮಾಡಬೇಕು, ಎಲ್ಲಿ ಸಡಿಲಿಸಬೇಕು ಎಂದು ತೀರ್ಮಾನ. ವೀಣೆಯ ಶ್ರುತಿ ಬಲ್ಲವರಿಗೆ ಮರ್ಯಾದೆ ಸಿಕ್ಕ ಊರು ಇದು. ಈ ಶ್ರುತಿ ಬಲ್ಲವರಿಗೆ ಸಿಕ್ಕಿದ್ದು ಗಂಟು ನೋವು.

ನನಗೆ ಕೆಲಸ ಸಿಕ್ಕಾಗ ಅಪ್ಪ ಅವರ ಹತ್ತಿರವೇ ಒಂದು ಹಳೇ ರಾಲೆ ಕೊಡಿಸಿದರು. ಸಾಬರು 180 ರೂಪಾಯಿ ಎಂದರು. ಅಪ್ಪ 120 ಎಂದರು. "ರಾಯರೇ, ಸೀಟಿಗೇ ಅಷ್ಟಾಗ್ತದೆ" ಎಂದರು ಸಾಬರು. "ಹಾಗಾದ್ರೆ ಸೀಟು ನೀವೇ ಇಟ್ಕೊಳ್ಳಿ, ಹುಡುಗ ನಿಂತ್ಕೊಂಡೇ ತುಳೀತಾನೆ" ಎಂದರು ಅಪ್ಪ. ಇಬ್ಬರೂ ನಗಲಿಲ್ಲ. ಮೂರು ಸಂಜೆ ಇದೇ ನಡೆಯಿತು. ನಡುವೆ ಚಹಾ ತರಿಸಿದ್ದರ ದುಡ್ಡು ಯಾರು ಕೊಡಬೇಕೆಂಬುದೂ ಚೌಕಾಶಿಯೊಳಗೇ ಸೇರಿತು. ಕೊನೆಗೆ ಸಾಬರು 150ಕ್ಕೆ ಇಳಿದು, ಒಂದು ಷರತ್ತು ಹಾಕಿದರು: ಬೇರೆ ಅಂಗಡಿಯವರು ಸ್ಪ್ಯಾನರ್ ಹಾಕಿದರೆ ಈ ಸೈಕಲ್ ಮತ್ತೆ ನನ್ನ ಬಾಗಿಲಿಗೆ ಬರಕೂಡದು. ಆ ಬಿಟ್ಟ 30 ರೂಪಾಯಿಯನ್ನು ಅವರು ಓವರ್‌ಹಾಲ್, ಕೋನ್, ಬಾಲ್ಸು ಎಂದು ಎರಡೇ ವರ್ಷದಲ್ಲಿ ವಸೂಲಿ ಮಾಡಿದರು. ಅಪ್ಪ ಸಾಯುವವರೆಗೂ ತಾವೇ ಗೆದ್ದೆವೆಂದುಕೊಂಡಿದ್ದರು.

ಆಯುಧಪೂಜೆಯ ದಿನ ಎಲ್ಲ ಸೈಕಲ್ಲುಗಳಿಗೂ ಚೆಂಡುಹೂವು, ಬಾಳೆಕಂದು. ಕುಂಬಳಕಾಯಿ ಒಡೆಯಲು ಗಿರಣಿಯವರು ಬರುತ್ತಿದ್ದರು, ಸಾಬರು ಕೈಕಟ್ಟಿ ಪಕ್ಕದಲ್ಲಿ ನಿಲ್ಲುತ್ತಿದ್ದರು. 2022ರಲ್ಲಿ ದೇವಸ್ಥಾನದ ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಕೂಡದೆಂಬ ಬ್ಯಾನರುಗಳು ಎದ್ದಾಗ ನನಗೆ ಮೊದಲು ನೆನಪಾದದ್ದು ಆ ಕುಂಬಳಕಾಯಿ. ಹಾಗಂತ ಆಗ ಎಲ್ಲ ಸರಿಯಿತ್ತು ಎಂದು ಬರೆದರೆ ಸುಳ್ಳಾದೀತು. ಸಾಬರು ಮನೆಗೆ ಬಂದರೆ ನಮ್ಮಮ್ಮ ನೀರು ಕೊಡುತ್ತಿದ್ದ ಲೋಟ ಹಿತ್ತಿಲಲ್ಲೇ ಬೇರೆ ಇರುತ್ತಿತ್ತು. ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ಅವರ ಅಂಗಡಿ ಅಲ್ಲಿರಬಾರದೆಂದು ಯಾರಿಗೂ ತೋಚಿರಲಿಲ್ಲ.

ಅಂಗಡಿಯನ್ನು ಯಾರೂ ಮುಚ್ಚಿಸಲಿಲ್ಲ, ತಾನಾಗಿ ಸೊರಗಿತು. ಜಾವಾ, ಯೆಜ್ಡಿ ತಯಾರಾಗುತ್ತಿದ್ದುದು ನಮ್ಮೂರಲ್ಲೇ. 1961ರಲ್ಲಿ ಶುರುವಾದ ಆ ಕಾರ್ಖಾನೆಯ ಬೈಕುಗಳಿಗೆ ಹುಡುಗರು ಬಾಯಿ ಬಿಡುತ್ತಿದ್ದರೇ ಹೊರತು ಕೊಳ್ಳುವ ತಾಕತ್ತು ಎಲ್ಲರಿಗೂ ಇರಲಿಲ್ಲ. ಸಾಬರಿಗೆ ಪೆಟ್ಟು ಕೊಟ್ಟಿದ್ದು ಜಾವಾ ಅಲ್ಲ, 1980ರಲ್ಲಿ ಬಂದ ಟಿವಿಎಸ್ 50. ಹಾಲಿನವರು, ತರಕಾರಿಯವರು, ಗುಮಾಸ್ತರು ಎಲ್ಲ ಸಾಲ ಮಾಡಿ ಅದನ್ನೇ ಹತ್ತಿದರು. ಅಶೋಕಪುರದ ರೈಲ್ವೆ ಕಾರ್ಯಾಗಾರ ಬಿಡುವ ಹೊತ್ತಿಗೆ ರಸ್ತೆ ತುಂಬ ಹರಿಯುತ್ತಿದ್ದ ಸೈಕಲ್ಲುಗಳು ವರ್ಷ ವರ್ಷಕ್ಕೆ ತೆಳುವಾದವು. ಜಾವಾ ಕಾರ್ಖಾನೆಯೂ 1996ರಲ್ಲಿ ಬಾಗಿಲು ಹಾಕಿತು ಬಿಡಿ. ಸಾಬರ ಮಗ ಗಲ್ಫಿಗೆ ಹೋದ. "ಅವನ ಕೈಗೆ ಗ್ರೀಸ್ ಹತ್ತಬಾರದು ಅಂತ ಓದಿಸ್ದೆ" ಎಂದಿದ್ದರು ಒಮ್ಮೆ. ನಾವು ಕಳೆದುಹೋಯಿತೆಂದು ಹಲುಬುವ ಕಸುಬನ್ನು ಅವರು ಮಗನಿಗೆ ಬೇಡವೆಂದಿದ್ದರು. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಇನ್ನು ನನ್ನ ಹೊಸ ಹವ್ಯಾಸ. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಹಿಡಿಯಿತು. ಮಂಡಿ ನೋವಿದ್ದರೆ ವಾಕಿಂಗ್ ಬೇಡ, ಸೈಕಲ್ ತುಳಿಯಿರಿ ಎಂದರು ಡಾಕ್ಟರು. ಷೋರೂಮಿನ ಹುಡುಗ ಸೈಕಲ್ಲಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ಹೇಳಿದ. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ ಬೇಕಾದರೆ ಬೇರೆ ದುಡ್ಡು. ಇಲ್ಲದ್ದು ಹೆಚ್ಚಿದಷ್ಟೂ ಬೆಲೆ ಹೆಚ್ಚು. ಅಂತೂ ಒಂದು ಗೇರ್ ಸೈಕಲ್ ಕೊಂಡು ಭಾನುವಾರದ ತಂಡದ ಬಾಲಕ್ಕೆ ಸೇರಿಕೊಂಡೆ. ಸಕ್ಕರೆ ಇಳಿದಿದೆ, ನಿದ್ದೆ ಬರುತ್ತದೆ, ಮೊಮ್ಮಕ್ಕಳ ವಯಸ್ಸಿನವರು "ಅಂಕಲ್, ಸೂಪರ್" ಎನ್ನುತ್ತಾರೆ. ದೂರುವಂಥದ್ದೇನಿಲ್ಲ. ಚಾಮುಂಡಿ ಬೆಟ್ಟದ ಬುಡಕ್ಕೆ ಕೆಲವರು ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಬರುತ್ತಾರೆ ಎಂಬುದೊಂದು ಬಿಟ್ಟರೆ. ಬೆಟ್ಟ ಹತ್ತಿ ಕರಗಿಸಿದ್ದನ್ನು ನಜರ್‌ಬಾದಿನ ಮೈಲಾರಿಯಲ್ಲಿ ಬೆಣ್ಣೆದೋಸೆ ತಿಂದು ವಾಪಸ್ ಪಡೆಯುತ್ತೇವೆ, ಅದರಲ್ಲಿ ನಾನೂ ಹಿಂದೆ ಬಿದ್ದವನಲ್ಲ.

ಬಾಡಿಗೆ ಸೈಕಲ್ಲೂ ಊರಿಗೆ ವಾಪಸ್ ಬಂತು. 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ 'ಟ್ರಿಣ್ ಟ್ರಿಣ್' ಶುರುವಾಯಿತು. ಒಳ್ಳೆಯ ಯೋಜನೆ. ಆದರೆ ಅಂಗಡಿಯವರಿದ್ದಾಗ ಒಡೆದದ್ದಕ್ಕೆ ಬೈಯುವವರು ಒಬ್ಬರಿರುತ್ತಿದ್ದರು, ಈಗ ಒಡೆದರೆ ಟೆಂಡರ್ ಕಾಯಬೇಕು. ಅದಕ್ಕೂ ಮುಂಚೆ, 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದಾಗ ಹಳ್ಳಿ ರಸ್ತೆಗಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ತುಳಿಯುತ್ತಾ ಹೋಗುವುದನ್ನು ಕಂಡೆ. ಸಾಬರ ಅಂಗಡಿಗೆ ಹುಡುಗಿಯೊಬ್ಬಳು ಬಾಡಿಗೆಗೆ ಬಂದದ್ದು ನನಗೆ ನೆನಪಿಲ್ಲ. ನಾನು ಕಂಡ ಸೈಕಲ್ ಚರಿತ್ರೆಯಲ್ಲಿ ನಿಜವಾದ ಬದಲಾವಣೆ ಅದೊಂದೇ. ಕೊರೋನಾ ಹೊತ್ತಿಗೆ ಮಕ್ಕಳಿಗೆ ಸೈಕಲ್ ಕೊಡುವುದೂ ನಿಂತಿತು. ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆ ಮುಚ್ಚಿದ್ದೂ ಅದೇ ವರ್ಷ, 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ. ನಮ್ಮ ರಾಜಕಾರಣಿಗಳಂತೂ ಪೆಟ್ರೋಲ್ ಬೆಲೆ ಏರಿದಾಗ ಸೈಕಲ್ ಏರುತ್ತಾರೆ, ಕುರ್ಚಿ ಸಿಕ್ಕಿದ ದಿನ ಇಳಿಯುತ್ತಾರೆ. ಈ ವಿಷಯದಲ್ಲಿ ಪಕ್ಷಭೇದವಿಲ್ಲ.

ಭಾನುವಾರ ಬೆಳಿಗ್ಗೆ ನಂಜನಗೂಡು ರಸ್ತೆಯಲ್ಲಿ ನಮ್ಮ ತಂಡಕ್ಕೆ ಎದುರಾಗಿ ಬೇರೆ ಸೈಕಲ್ಲುಗಳು ಬರುತ್ತವೆ. ಗಾರೆ ಕೆಲಸದವರು, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಹಿಂದೆ ಡಬ್ಬಿ ಕಟ್ಟಿಕೊಂಡವರು. ತುಕ್ಕು ಹಿಡಿದ ಹ್ಯಾಂಡಲ್, ದೀಪವಿಲ್ಲ, ಹೆಲ್ಮೆಟ್ ಇಲ್ಲ. ನಮ್ಮವರು ಇನ್ನೊಂದು ತಂಡ ಕಂಡರೆ ಕೈ ಬೀಸುತ್ತಾರೆ, ಇವರಿಗೆ ಬೀಸುವುದಿಲ್ಲ. ಪಾಲಿಕೆಯವರು ಸೈಕಲ್ ದಾರಿ ಎಲ್ಲಿರಬೇಕೆಂದು ಸಭೆ ಕರೆದರೆ ಹೋಗಿ ಮಾತಾಡುವವರೂ ನಾವೇ. ಮುಂದಿನ ಸಭೆಗೆ ನಮ್ಮನ್ನು ಕರೆಯಬೇಡಿ. ಯಾವುದಾದರೂ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅದೇ ರಸ್ತೆಯಲ್ಲಿ ನಿಂತು ಅವರನ್ನು ಕೇಳಿ, ದಾರಿ ಎಲ್ಲಿ ಬೇಕು, ದೀಪ ಎಲ್ಲಿ ಬೇಕು ಎಂದು. ಅವರಿಗೆ ಹೊತ್ತಾಗುತ್ತಿರುತ್ತದೆ, ಬೇಗ ಬಿಡಿ.