ಬಂದು ಹೋಗುವವರು, ಉಳಿದು ಕಲಿಸುವವರು

ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆಯೊಂದಿದೆ: "ಸಾರ್, ನಮ್ಮ ಶಾಲೆಗೆ ಒಂದೆರಡು ಕಂಪ್ಯೂಟರ್ ಕೊಡಿಸೋಣ ಅಂತಿದ್ದೀನಿ, ಏನಂತೀರಿ?" ಕೊಡುವ ಮನಸ್ಸಿಗೆ ಬೇಡವೆನ್ನಲಾಗದು. ಆದರೆ ಒಂದೇ ಮಾತಿನಲ್ಲಿ ಹೌದೆನ್ನಲು ನನ್ನ ಅನುಭವ ಬಿಡುವುದಿಲ್ಲ. ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

2018ರ ಫೆಬ್ರವರಿಯಲ್ಲಿ ಆಫ್ರಿಕಾದ ಘಾನಾ ದೇಶದ ಒಂದು ಚಿತ್ರ ಲೋಕಕ್ಕೆಲ್ಲ ಹರಡಿತು. ಕುಮಾಸಿ ನಗರದ ಆಚೆಯ ಹಳ್ಳಿಯೊಂದರ ಶಾಲೆಯಲ್ಲಿ ರಿಚರ್ಡ್ ಅಪಿಯಾ ಅಕೋಟೊ ಎಂಬ ಉಪಾಧ್ಯಾಯರು ಬಣ್ಣದ ಸೀಮೆಸುಣ್ಣದಿಂದ ಕಪ್ಪುಹಲಗೆಯ ಮೇಲೆ ಮೈಕ್ರೋಸಾಫ್ಟ್ ವರ್ಡ್‌ನ ತೆರೆಯನ್ನು ಗೆರೆಗೆರೆಯಾಗಿ ಬಿಡಿಸಿ ಪಾಠ ಹೇಳುತ್ತಿದ್ದರು. ಆ ದೇಶದಲ್ಲಿ ಮಕ್ಕಳು ಗಣಕ ವಿಷಯದಲ್ಲಿ ಪರೀಕ್ಷೆ ಬರೆಯಲೇಬೇಕು. ಆದರೆ ಆ ಶಾಲೆಯಲ್ಲಿ ಯಂತ್ರವೇ ಇರಲಿಲ್ಲ. ಚಿತ್ರ ಹರಡಿದ ಮೇಲೆ ಅವರಿಗೆ ಸಿಂಗಪುರದ ಸಮ್ಮೇಳನಕ್ಕೆ ಆಹ್ವಾನ ಬಂತು, ಶಾಲೆಗೆ ಯಂತ್ರಗಳೂ ಬಂದವು. ಲೋಕವೆಲ್ಲ ಆ ಶಾಲೆಯ ಬಡತನವನ್ನು ಕಂಡು ಮರುಗಿತು. ನನಗೆ ಕಂಡದ್ದು ಇನ್ನೊಂದು. ಯಂತ್ರಗಳು ಬರುವ ಮೊದಲೇ ಆ ಶಾಲೆಯಲ್ಲಿ ಕಲಿಸುವವನೊಬ್ಬನಿದ್ದ. ನಮ್ಮ ಕಡೆ ಆದದ್ದು ಬಹುಮಟ್ಟಿಗೆ ಇದರ ತಿರುಗುಮುರುಗು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ನಾನು ಸೇವೆ ಸಲ್ಲಿಸಿದವನು. 2001ರ ಸುಮಾರಿಗೆ ಸರ್ಕಾರವು ರಾಜ್ಯದ ಸಾವಿರ ಪ್ರೌಢಶಾಲೆಗಳಿಗಾಗಿ 'ಮಾಹಿತಿ ಸಿಂಧು' ಯೋಜನೆಯನ್ನು ತಂದಿತು. ಗಣಕಯಂತ್ರವೂ ಕಲಿಸುವವರೂ ಖಾಸಗಿ ಸಂಸ್ಥೆಗಳ ಮೂಲಕ ಬರುವ, ಅವಧಿ ಮುಗಿಯುವ ಗುತ್ತಿಗೆಯ ಏರ್ಪಾಡು ಅದು. ಗುತ್ತಿಗೆ ತೀರಿದರೆ ಕಲಿಸುವವರು ಹೊರಡುತ್ತಾರೆ. ಗಣಿತದ ಮೇಷ್ಟ್ರಿಗೂ ವಿಜ್ಞಾನದ ಮೇಡಂಗೂ ಆ ಕೊಠಡಿ ಪರರ ಮನೆಯಂತೆಯೇ ಉಳಿಯುತ್ತದೆ. ಸಾವಿರದ ಪಟ್ಟಿಗೆ ಸೇರದ ಶಾಲೆಗಳಿಗಂತೂ ಅದೂ ಇಲ್ಲ.

ಪಾವಗಡ ತಾಲ್ಲೂಕಿನಲ್ಲಿ ನಾನಿದ್ದ ಪ್ರೌಢಶಾಲೆ ಪಟ್ಟಿಯ ಹೊರಗಿನದು. 2006ರಲ್ಲಿ ಅಲ್ಲಿಗೆ ಬೆಂಗಳೂರಿನಿಂದ ನಾಲ್ವರು ತರುಣರು ಐದು ಹಳೆಯ ಯಂತ್ರಗಳನ್ನು ತಂದರು. ಅವರಲ್ಲೊಬ್ಬ ನನ್ನದೇ ವಿದ್ಯಾರ್ಥಿ. ವಾರದ ದುಡಿಮೆ ಮುಗಿಸಿ, ಶುಕ್ರವಾರ ರಾತ್ರಿಯ ಬಸ್ಸು ಹತ್ತಿ, ಬೆಳಗಿನ ಜಾವ ಇಳಿದು, ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು ಶನಿವಾರದ ತರಗತಿಗೆ ನಡೆಯುತ್ತಿದ್ದರು. ಕರೆಂಟು ಇದ್ದರೆ ಪಾಠ. ಇಲ್ಲದಿದ್ದರೆ ಯಂತ್ರದ ಹೊದಿಕೆ ಬಿಚ್ಚಿ ಒಳಗಿನ ಭಾಗಗಳ ಪರಿಚಯ. ಕರೆಂಟು ಹೋದ ದಿನಗಳ ಪಾಠವೇ ಮುಂದೆ ಹೆಚ್ಚು ಉಪಯೋಗಕ್ಕೆ ಬಂದಿತೆಂಬುದು ವಿಚಿತ್ರವಾದರೂ ನಿಜ.

ನಮ್ಮದು ಆಂಧ್ರದ ಗಡಿಗೆ ಒತ್ತಿಕೊಂಡ ಸೀಮೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಈಗ ತೆರೆಯ ಮೇಲೆ ಇಂಗ್ಲಿಷ್. ಮೊದಲೆರಡು ವಾರ ಮಕ್ಕಳು ಮುಟ್ಟಲೂ ಹೆದರಿ ಕೈಕಟ್ಟಿ ನಿಂತಿದ್ದರು. ಮೂರನೆಯ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಇದ್ರಲ್ಲಿ ನಮ್ಮ ಅಕ್ಷರ ಬರೋದಿಲ್ವಾ ಸಾರ್?" ಮುಂದಿನ ಶನಿವಾರ ಆ ತರುಣರು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವನ್ನು ತಂದು ಅಳವಡಿಸಿದರು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿದ್ದು ಅದು. ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ. ನಡುವೆ 'ಎಫ್' ಒತ್ತಿದರೆ ಒತ್ತಕ್ಷರ. ಕಾಗುಣಿತ ಬಲ್ಲ ಮಗುವಿಗೆ ಬೇರೆ ಪಾಠವೇ ಬೇಕಿಲ್ಲ. ಕಾಗುಣಿತ ತಪ್ಪುವ ಮಗುವಿಗೆ ತಾನೆಲ್ಲಿ ತಪ್ಪಿದೆನೆಂಬುದು ತೆರೆಯ ಮೇಲೆ ಆಗಿಂದಾಗ್ಗೆ ಕಾಣುತ್ತದೆ. ಕನ್ನಡ ಮೇಷ್ಟ್ರಾದ ನನಗೆ ಆ ದಿನ ಆದ ಸಂತೋಷ ಸಣ್ಣದಲ್ಲ.

ಪ್ರಶ್ನೆ ಕೇಳಿದ ಆ ಹುಡುಗಿ ಮೊದಲು ಬರೆದದ್ದು ಪದ್ಯವನ್ನಲ್ಲ, ತನ್ನ ಹೆಸರನ್ನೂ ಅಲ್ಲ. ಅಜ್ಜಿಗೆ ವಿಧವಾ ವೇತನ ಕೋರುವ ಅರ್ಜಿಯನ್ನು. ಮುದ್ರಣಯಂತ್ರ ನಮ್ಮಲ್ಲಿರಲಿಲ್ಲ. ತರುಣರು ಅದನ್ನು ಬೆಂಗಳೂರಿಗೆ ಒಯ್ದು, ಮುದ್ರಿಸಿ, ಮುಂದಿನ ವಾರ ತಂದುಕೊಟ್ಟರು. ಅದಾದ ಮೇಲೆ ಕೂಲಿಗೆ ಹೋಗುವ ತಾಯಂದಿರೂ ಶನಿವಾರಗಳಂದು ಕಿಟಕಿಯ ಬಳಿ ಬಂದು ನಿಲ್ಲತೊಡಗಿದರು.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಒಬ್ಬನಿಗೆ ಅಮೆರಿಕದಲ್ಲಿ ಕೆಲಸ, ಇನ್ನೊಬ್ಬನಿಗೆ ಮದುವೆ, ಮತ್ತಿಬ್ಬರಿಗೆ ವಾರಾಂತ್ಯವೂ ದುಡಿಮೆ. ಅವರನ್ನು ದೂರುವಂತಿಲ್ಲ, ಸ್ವಯಂಸೇವಕರೆಂದರೆ ಎಂದಾದರೂ ಹೋಗುವವರೇ. ಆಫ್ರಿಕಾದ ಹಳ್ಳಿಗೆ ಹೋಗಿ ಕಲಿಸುವವರ ಕಥೆಯೂ ಇದೇ ಇದ್ದೀತು. ಹೋಗುವ ಮುನ್ನ ಅವರು ಏನು ಮಾಡಿದರೆಂಬುದೇ ಮುಖ್ಯ. ಇವರು ಆ ಹುಡುಗಿಗೂ ಅವಳ ಗೆಳತಿಗೂ ತಂತ್ರಾಂಶವನ್ನು ಅಳಿಸಿ ಮತ್ತೆ ಅಳವಡಿಸುವುದನ್ನೂ, ಕೆಟ್ಟ ಭಾಗವನ್ನು ಬೇರೆ ಯಂತ್ರದಿಂದ ತೆಗೆದು ಕೂಡಿಸುವುದನ್ನೂ ಕಲಿಸಿ, ಕೊಠಡಿಯ ಬೀಗದ ಕೈಯನ್ನು ಅವರ ಕೈಯಲ್ಲೇ ಇಡಬೇಕೆಂದು ನಮ್ಮನ್ನು ಒಪ್ಪಿಸಿಯೇ ಬಸ್ಸು ಹತ್ತಿದರು. ಐದು ಯಂತ್ರಗಳು ನಾಲ್ಕಾದವು, ಮೂರಾದವು. ಆದರೂ ಆ ಇಬ್ಬರು ಹತ್ತನೆಯ ತರಗತಿ ಮುಗಿಸುವವರೆಗೆ ತಮಗಿಂತ ಕಿರಿಯರಿಗೆ ಕಲಿಸಿದರು. ಅವರು ಶಾಲೆ ಬಿಟ್ಟ ಮರುವರ್ಷ ಮಳೆನೀರು ಇಳಿದು ಕೊಠಡಿ ಹಾಳಾಯಿತು. ಯಂತ್ರಗಳ ಆಯಸ್ಸು ಅಷ್ಟೇ. ವಿದ್ಯೆಯ ಆಯಸ್ಸು ಅಷ್ಟಕ್ಕೇ ಮುಗಿಯಲಿಲ್ಲ. ಅರ್ಜಿ ಬರೆದವಳು ಇಂದು ಒಂದು ಹೋಬಳಿ ಊರಿನಲ್ಲಿ ಗಣಕದ ಅಂಗಡಿ ಇಟ್ಟುಕೊಂಡು ಪಹಣಿ, ಪಿಂಚಣಿ, ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಕೊಡುತ್ತಿದ್ದಾಳೆ.

ಇದನ್ನು ಈಗ ನೆನೆಯಲು ಕಾರಣವಿದೆ. ಕಳೆದ ತಿಂಗಳು ಬಂಧುಗಳ ಮನೆಯ ಕಾರ್ಯಕ್ಕೆಂದು ರಾಯಚರ್ಲು ಕಡೆ ಹೋಗಿದ್ದೆ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚರ್ಲು, ರಾಯಚರ್ಲು ಈ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಪಾವಗಡದ ಸೌರ ಉದ್ಯಾನ ಹಬ್ಬಿದೆ. 2018ರ ಮಾರ್ಚಿನಲ್ಲಿ 600 ಮೆಗಾವ್ಯಾಟ್‌ನೊಂದಿಗೆ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವ್ಯಾಟ್ ತಲುಪಿತು. ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುತ್ತಿದ್ದ ಸೀಮೆಗೆ ಅದು ಆಸರೆಯೇ. ಭೂಮಿ ಇಲ್ಲದ ಕೂಲಿಯವರಿಗೆ ಮಾತ್ರ ಹೊಲದೊಂದಿಗೆ ಹೊಲದ ಕೆಲಸವೂ ಹೋಯಿತು. ಅವರ ಪಾಲಿಗೆ ಬಂದದ್ದು ಹುಲ್ಲು ಕೀಳುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ. ತಂತಿಯ ಬೇಲಿಯ ಒಳಗೆ ಗಣಕದ ಮುಂದೆ ಕುಳಿತು ವಿದ್ಯುತ್ತಿನ ಲೆಕ್ಕ ನೋಡುವ ಕುರ್ಚಿಗೆ ಬೇಲಿಯ ಹೊರಗಿನ ಮಗು ಎಂದು ಹೋಗಿ ಕೂರುತ್ತದೆ? ಕರೆಂಟಿಲ್ಲವೆಂದು ಪಾಠ ನಿಲ್ಲುತ್ತಿದ್ದ ಸೀಮೆ ಇಂದು ನಾಡಿಗೆ ಕರೆಂಟು ಕೊಡುತ್ತಿದೆ. ಕೊರತೆ ಈಗ ಕರೆಂಟಿನದಲ್ಲ.

ಆದ್ದರಿಂದ ಕೇಳುವವರಿಗೆ ನನ್ನ ಉತ್ತರವಿಷ್ಟು. ಯಂತ್ರ ಕೊಡುವುದಾದರೆ ಕೊಡಿ, ಆದರೆ ಅದರೊಂದಿಗೆ ಒಂದು ವರ್ಷದ ಶನಿವಾರಗಳನ್ನೂ ಕೊಡಿ. ಮಕ್ಕಳಿಗೆ ಕಲಿಸುವಾಗ ಅಲ್ಲಿಯ ಒಬ್ಬ ಉಪಾಧ್ಯಾಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಹೋದ ಮೇಲೆ ಉಳಿಯುವವರು ಅವರು. ಮೊದಲ ಪಾಠ ಕನ್ನಡದಲ್ಲಿರಲಿ, ಮನೆಗೆ ಬೇಕಾದ ಒಂದು ಕೆಲಸದಿಂದ ಆರಂಭವಾಗಲಿ. ಬಿಚ್ಚಿ ಕೂಡಿಸುವುದನ್ನು ಕಲಿಸಿ. ಹೆಣ್ಣುಮಕ್ಕಳಿಗೆ ತಪ್ಪದೆ ಕಲಿಸಿ. ನಾಮಫಲಕದ ಮೇಲೆ ನಿಮ್ಮ ಹೆಸರು ಬೇಡ.

ದೂರದೇಶದಲ್ಲಿರುವವರಿಗೆ ಶನಿವಾರ ಕೊಡುವುದು ಆಗದ ಮಾತು, ಬಲ್ಲೆ. ಅಂಥವರು ಊರಿನಲ್ಲೇ ಇರುವ ಬಲ್ಲವರೊಬ್ಬರಿಗೆ ವರ್ಷದ ಗೌರವಧನ ಕೊಟ್ಟು ಕಲಿಸುವ ಏರ್ಪಾಡು ಮಾಡಬಹುದು. ಅಂಥವರು ಯಾರಿದ್ದಾರೆಂದು ಕೇಳಿದರೆ, ಅಂಗಡಿಯ ಆ ಹುಡುಗಿಯ ವಿಳಾಸ ನನ್ನಲ್ಲಿದೆ. ಭಾನುವಾರಗಳು ತನಗೆ ಬಿಡುವೆಂದು ಅವಳೇ ಹೇಳಿದ್ದಾಳೆ.