ಮಾವ ನೀರು ಕುಡಿದು ನೋಡಿದ ಮನೆ

ಚೀಟಿ ಎತ್ತಿದ ದುಡ್ಡು ಕೈಯಲ್ಲಿತ್ತು. ಪಿಎಫ್ ಸಾಲಕ್ಕೂ ಅರ್ಜಿ ಹಾಕಿ ಬಂದಿದ್ದೆ. ಎಲ್ಲಾದರೂ ಒಂದು ಜಾಗ ಹಿಡಿದು ಹಾಕಿಬಿಡಬೇಕು ಅನ್ನುವ ಉಮೇದು. ವಾಸಕ್ಕಲ್ಲ, ರಾಜಾಜಿನಗರದ ಬಾಡಿಗೆ ಮನೆಯಲ್ಲಿ ನಾವು ಚೆನ್ನಾಗಿಯೇ ಇದ್ದೆವು. ನಾನು ದುಡಿದದ್ದು ಸಾಕು, ಇನ್ನು ದುಡ್ಡೇ ಸ್ವಲ್ಪ ದುಡಿಯಲಿ ಅನ್ನುವ ಆಸೆ, ಅಷ್ಟೇ.

ಯಾವ ವರ್ಷ ಅಂತ ಕೇಳಿದರೆ ತಡವರಿಸುತ್ತೇನೆ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಇದು ಅದಕ್ಕೂ ಮೂರ್ನಾಲ್ಕು ವರ್ಷ ಹಿಂದಿನ ಮಾತು ಅಂತಿಟ್ಟುಕೊಳ್ಳಿ. ಪೀಣ್ಯದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಗ ಸೈಟಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಸಾರಿನಲ್ಲಿ ಉಪ್ಪಿಲ್ಲದಿದ್ದರೂ ಯಾರೂ ಗಮನಿಸುತ್ತಿರಲಿಲ್ಲ.

ನನಗೆ ಈ ವ್ಯವಹಾರದ ಗಂಧಗಾಳಿ ಇಲ್ಲ. ಅಮ್ಮ ಅಂದಳು, "ಮೊದಲು ನಿನ್ನ ಮಾವನ್ನ ಕೇಳು."

ಸೋದರಮಾವ ತಿಪಟೂರಿನಲ್ಲಿದ್ದ. ಕಂದಾಯ ಇಲಾಖೆಯಲ್ಲಿ ಸೇವೆ ಮುಗಿಸಿದವ. ಮಳೆಗಾಲವಿರಲಿ ಬೇಸಿಗೆಯಿರಲಿ, ಕಂಕುಳಲ್ಲಿ ಕೊಡೆ. ಬಟ್ಟೆ ಚೀಲದಲ್ಲಿ ಒಂದು ಭೂತಗನ್ನಡಿ, ಒಂದು ಪೊಟ್ಟಣ ಹುರಿಗಡಲೆ. ಯಾರಾದರೂ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಬಾಯಿಗೆ ಕಡಲೆ ಹಾಕಿಕೊಂಡು ಸುಮ್ಮನೆ ಅಗಿಯುತ್ತಿದ್ದ. ಆ ಸದ್ದಿಗೆ ಎದುರಿನವನು ತಡವರಿಸಲೇಬೇಕು. ನನ್ನ ಕಾಗದ ಮುಟ್ಟಿದ್ದೇ ತಡ, ಅರ್ಧ ಮೂಟೆ ತೆಂಗಿನಕಾಯಿ ಹೊತ್ತುಕೊಂಡು ಬಂದಿಳಿದ.

ಮೊದಲ ಭಾನುವಾರ ದೇವನಹಳ್ಳಿ ಕಡೆಗೆ. ಬ್ರೋಕರ್ ಬಿಳಿ ಮಾರುತಿ ವ್ಯಾನು ತಂದಿದ್ದ. ದಾರಿಯುದ್ದಕ್ಕೂ ಅವನ ಬಾಯಲ್ಲಿ ವಿಮಾನ ಹಾರುತ್ತಲೇ ಇತ್ತು. ನಲವತ್ತರಷ್ಟಿದ್ದ ಬಿಸಿಲಲ್ಲಿ (ನನ್ನ ಲೆಕ್ಕ ಇದು, ಮಾವ ಕೇಳಿದ್ದರೆ "ಮೂವತ್ತೈದು, ಜಾಸ್ತಿ ಮಾತಾಡಬೇಡ" ಅನ್ನುತ್ತಿದ್ದ) ಒಂದು ಹೊಲದ ಮುಂದೆ ನಿಲ್ಲಿಸಿದ. ಕಮಾನು ಎದ್ದಿತ್ತು, ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು. "ಇಲ್ಲಿ ಪಾರ್ಕು ಸಾರ್, ಅಲ್ಲಿ ಈಜುಕೊಳ" ಅಂತ ರಾಗಿ ಕೂಳೆಯ ಕಡೆ ಕೈ ತೋರಿಸಿದ. ನನಗಾಗಲೇ ನೀರು ಕಂಡ ಹಾಗಾಗಿತ್ತು.

ಮಾವ ಅಲ್ಲಿರಲಿಲ್ಲ. ತಿರುಗಿ ನೋಡಿದರೆ ಆಚೆ ಬದುವಿನ ಮೇಲೆ, ಕುರಿ ಕಾಯುತ್ತಿದ್ದ ಅಜ್ಜನ ಪಕ್ಕ ಕೂತು ಕಡಲೆ ಹಂಚಿಕೊಳ್ಳುತ್ತಿದ್ದಾನೆ.

"ಈ ಹೊಲ ಯಾರದಜ್ಜಾ?"

"ನಮ್ಮಪ್ಪಂಗೆ ಸರ್ಕಾರ ಕೊಟ್ಟಿದ್ದು ಸಾಮಿ. ಅಕ್ಕನ ಮದುವೆ ಸಾಲಕ್ಕೆ ಬರೆದುಕೊಟ್ಬುಟ್ಟ."

ಮಾವ ಎದ್ದ, ಪಂಚೆ ಕೊಡವಿದ, ಕೊಡೆ ಬಿಚ್ಚಿದ. ನೋಡುವುದು ಮುಗಿಯಿತು ಅಂತ ಅರ್ಥ.

ವಾಪಸು ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಕಿವಿಯಲ್ಲಿ ಹೇಳಿದ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಕೈ ಬದಲಾಯಿಸದಂತೆ ತಡೆಯಲು 1978ರಲ್ಲೇ ಕಾಯಿದೆ ಬಂದಿದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಅದು ಎಷ್ಟು ಕೈ ದಾಟಿದ್ದರೂ ಉಪವಿಭಾಗಾಧಿಕಾರಿ ಬಿಡಿಸಿ ಮೂಲದವರಿಗೇ ಕೊಡಿಸಬಹುದು. "ಕೊಡಿಸಲೂಬೇಕು ಕಣೋ. ಅವನಪ್ಪನ ಅನ್ನ ಅದು. ಅದರ ಮೇಲೆ ನೀನು ಈಜುಕೊಳ ಕಟ್ಕೊಂಡು ಮುಳುಗು ಹಾಕ್ತೀಯಾ?" ಅಲ್ಲದೆ ಅದು ಭೂಪರಿವರ್ತನೆಯೇ ಆಗದ ಬರೀ ರೆವಿನ್ಯೂ ಸೈಟು. ಸಾಗುವಳಿದಾರನಲ್ಲದವನು ಹೊಲ ಕೊಳ್ಳುವುದಕ್ಕೆ ಆಗ ಕಾನೂನೇ ಅಡ್ಡವಿತ್ತು. ಅದು ಸಡಿಲಾದದ್ದು 2020ರಲ್ಲಿ. ಅಷ್ಟು ಹೊತ್ತಿಗೆ ಮಾವನೂ ಇರಲಿಲ್ಲ, ನನ್ನ ಉಮೇದೂ ಇರಲಿಲ್ಲ.

ದೇವನಹಳ್ಳಿಯಲ್ಲಿ ನಾವು ಕೊಂಡದ್ದು ಎರಡು ಚಕ್ಕೋತ ಮಾತ್ರ. ಒಳಗೆ ಕೆಂಪಗೆ, ಹುಳಿ ಕಡಿಮೆ. ಮಾವ ಸಿಪ್ಪೆ ಬಿಡಿಸಿ ಬ್ರೋಕರನಿಗೂ ಎರಡು ತೊಳೆ ಕೊಟ್ಟ. ಪಾಪ, ಅವನು ಪೆಟ್ರೋಲು ಸುಟ್ಟಿದ್ದ.

ಎರಡನೇ ಭಾನುವಾರ ಮಾಗಡಿ ರಸ್ತೆಯ ಆಚೆ. ಆ ಜಾಗದ ಹೆಸರು ಎಷ್ಟು ಜಗ್ಗಿದರೂ ನೆನಪಿಗೆ ಬರುತ್ತಿಲ್ಲ, ಕೊನೆಗೆ ಪಾಳ್ಯ ಅಂತಿತ್ತು. ಹಿಂದಿನ ರಾತ್ರಿ ಭಾರೀ ಮಳೆ. ನಾನು ಬೇಡ, ಕೆಸರಾಗಿರುತ್ತೆ ಅಂದೆ. "ಕೆಸರಾಗಿರುತ್ತೆ ಅಂತಲೇ ಹೋಗೋದು" ಅಂದ ಮಾವ. ಅವನ ಪ್ರಕಾರ ಹೆಣ್ಣು ನೋಡಲು ಹಬ್ಬದ ದಿನ ಹೋಗಬಾರದು, ಜಾಗ ನೋಡಲು ಬಿಸಿಲಲ್ಲಿ ಹೋಗಬಾರದು. ಮೊದಲನೆಯದರ ಬಗ್ಗೆ ಅತ್ತೆಯ ಅಭಿಪ್ರಾಯ ಬೇರೆಯೇ ಇತ್ತು. ಅದನ್ನು ಇನ್ನೊಂದು ದಿನ ಹೇಳುತ್ತೇನೆ.

ಮೂವತ್ತು ನಲವತ್ತರ ಸೈಟು, ಪೂರ್ವದ ಬಾಗಿಲು. ನನಗೆ ಬಲು ಹಿಡಿಸಿತು. ಸೈಟಿನ ನಡುವೆ ಎರಡು ಕಪ್ಪೆ ಕೂತಿದ್ದವು. ಮಾವ ಕೊಡೆಯ ತುದಿಯಿಂದ ನೆಲ ಚುಚ್ಚಿದ, ಗೇಣುದ್ದ ಇಳಿಯಿತು. ಅಂಚಿನಲ್ಲಿ ಜೊಂಡು ಬೆಳೆದಿತ್ತು. "ಮೂರು ದಿನದ ಮಳೆಗೆ ಜೊಂಡು ಹುಟ್ಟಲ್ಲಪ್ಪ" ಅಂದು ಕಾಗದ ಕೇಳಿದ. ಕ್ರಯಪತ್ರದ ಜೆರಾಕ್ಸು ಕೊಟ್ಟರು. ಅಲ್ಲೇ ಮರದಡಿ ನಿಂತು ಭೂತಗನ್ನಡಿ ಹಿಡಿದ. ಮಾವ ಪತ್ರವನ್ನು ಮೇಲಿಂದ ಓದುತ್ತಿರಲಿಲ್ಲ, ನೇರ ಚಕ್ಕುಬಂದಿಗೆ ಹೋಗುತ್ತಿದ್ದ. ಹೆಸರು, ವಿಳಾಸ, ದುಡ್ಡಿನ ಮೊತ್ತ ಎಲ್ಲ ಬರೆಯುವವನ ಇಷ್ಟ, ನಾಲ್ಕು ದಿಕ್ಕು ಮಾತ್ರ ಸುಳ್ಳು ಹೇಳಲು ಕಷ್ಟ ಅನ್ನುತ್ತಿದ್ದ. ಪೂರ್ವಕ್ಕೆ ರಸ್ತೆ, ದಕ್ಷಿಣಕ್ಕೆ ಇನ್ನೊಬ್ಬರ ಸೈಟು, ಉತ್ತರಕ್ಕೂ ಅದೇ. ಪಶ್ಚಿಮಕ್ಕೆ, ಸರ್ಕಾರಿ ಕೆರೆ ಅಂಗಳ.

"ಕೆರೆ ಎಲ್ಲಿ?" ಅಂತ ಕೇಳಿದ.

"ಈಗ ಇಲ್ಲ ಸಾರ್."

ಮಾವ ಕಡಲೆ ಬಾಯಿಗೆ ಹಾಕಿಕೊಂಡ.

ಹಿಂತಿರುಗುವಾಗ ಬಸ್ಸಿನಲ್ಲಿ ನಾನು ಸಿಡುಕಿದೆ. ಹೀಗೆ ಎಲ್ಲದಕ್ಕೂ ಕಲ್ಲು ಹಾಕಿದರೆ ನಾನು ಯಾವಾಗ ಕೊಳ್ಳೋದು ಅಂತ. ಮಾವ ಬೇಸರ ಮಾಡಿಕೊಳ್ಳಲಿಲ್ಲ. ಬಸ್ಸಿನ ಟಿಕೆಟ್ಟಿನ ಹಿಂದೆ ಪಹಣಿಯ ಕಾಲಮ್ಮುಗಳನ್ನು ಬರೆದು ತೋರಿಸಿದ. 9ರಲ್ಲಿ ಮಾಲೀಕ, 12ರಲ್ಲಿ ಸಾಗುವಳಿದಾರ. ಎರಡು ಕಡೆ ಬೇರೆ ಹೆಸರಿದ್ದರೆ ಕೊಂಡವನಿಗೆ ಜೀವನಪೂರ್ತಿ ಕೆಲಸ. ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ವಹಿವಾಟು ಇದ್ದರೆ 15ನೇ ನಮೂನೆ, ಏನೂ ಇಲ್ಲದಿದ್ದರೆ 16. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಮೂರನೆಯದು ಹುಡುಕಿ ಹೋದದ್ದಲ್ಲ. ಮಾವನನ್ನು ತಿಪಟೂರಿಗೆ ಬಿಟ್ಟುಬರಲು ಹೊರಟಿದ್ದೆ. ಪ್ಯಾಸೆಂಜರ್ ರೈಲು, ಬೆಳಗಿನ ಚಳಿ, ಹೊಟ್ಟೆಯಲ್ಲಿ ಏನೂ ಇಲ್ಲ. ಕ್ಯಾತ್ಸಂದ್ರದಲ್ಲಿ ರೈಲು ನಿಂತಿತು. "ಇಳಿ, ತಟ್ಟೆ ಇಡ್ಲಿ ತಿನ್ನೋಣ" ಅಂದ. ಟಿಕೆಟ್ಟು ತಿಪಟೂರಿಗಿದೆ ಅಂದರೆ, "ಟಿಕೆಟ್ಟಿಗೆ ಹಸಿವಾಗುತ್ತಾ?"

ಕ್ಯಾತ್ಸಂದ್ರದ ಇಡ್ಲಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಪಾಪ ಬರುತ್ತದೆ. ಅಂಗೈಗಿಂತ ಅಗಲ, ಮುಟ್ಟಿದರೆ ಹತ್ತಿಯ ಹಾಗೆ ತಗ್ಗುತ್ತದೆ. ಮೇಲೆ ಬೆಣ್ಣೆ ಕರಗುತ್ತಾ ಇರಬೇಕು, ಚಟ್ನಿ ತೆಳ್ಳಗೆ, ಖಾರವಾಗಿರಬೇಕು. ಮಾವ ನಾಲ್ಕು ತಿಂದ. ನಾನು ಮೂರೋ ನಾಲ್ಕೋ.

ಕೈ ತೊಳೆದು ಬಂದು ಮಾವ ಗಲ್ಲಾದವನನ್ನು ಕೇಳಿದ, "ಇಲ್ಲಿ ಬಾಡಿಗೆಗೆ ಒಂದು ಸಣ್ಣ ಮನೆ ಸಿಗುತ್ತಾ?" ಆತ ನಕ್ಕುಬಿಟ್ಟ. ಎಲ್ಲಿಯ ಮನೆ ಸ್ವಾಮಿ, ತುಮಕೂರಿನಲ್ಲಿ ಓದೋ ಹುಡುಗರು, ಕಾರ್ಖಾನೆಯವರು, ಮಠದ ಕಡೆ ಕೆಲಸ ಮಾಡೋರು, ಖಾಲಿಯಾಗೋ ಮುಂಚೆ ಅಡ್ವಾನ್ಸ್ ಕೊಟ್ಟು ಕೂತಿರ್ತಾರೆ ಅಂದ. ಮಾವ ನನ್ನ ಕಡೆ ತಿರುಗಿ ಪಿಸುಗುಟ್ಟಿದ, "ಕೊಳ್ಳೋನ ಹಾಗೆ ಕೇಳಿದ್ರೆ ಊರೆಲ್ಲ ಚಿನ್ನ ಅಂತಾರೆ. ಬಾಡಿಗೆಗೆ ಬಂದೋನ ಹಾಗೆ ಕೇಳು."

ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ಒಬ್ಬರು ತಲೆ ಎತ್ತಿದರು. ಬಾಡಿಗೆಗಿಲ್ಲ, ಆದರೆ ನಮ್ಮ ಬೀದಿಯಲ್ಲಿ ಮೇಷ್ಟ್ರ ಹೆಂಡತಿಯೊಬ್ಬರು ಮಗನ ಹತ್ತಿರ ಹೋಗಬೇಕು ಅಂತ ಮನೆ ಮಾರುವ ಯೋಚನೆಯಲ್ಲಿದ್ದಾರೆ ಅಂದರು. ಆ ದಿನ ತಿಪಟೂರಿಗೆ ಹೋಗಲಿಲ್ಲ.

ಎರಡು ಪಾಲಾಗಿದ್ದ ಹಳೆಯ ಮನೆ. ಮುಂದೆ ಆರ್‌ಸಿಸಿ, ಹಿಂದೆ ಹಂಚು, ಹಿತ್ತಲಲ್ಲಿ ಕರಿಬೇವಿನ ಗಿಡ. ನೋಡಲು ಏನೂ ಇಲ್ಲ. ನನ್ನ ಮುಖ ಜೋತುಬಿತ್ತು. ಆ ತಾಯಿ ಕಾಫಿ ತರಲು ಎದ್ದರೆ ಮಾವ, "ಕಾಫಿ ಆಮೇಲೆ ತಾಯೀ, ಬಾವಿದೊಂದು ಲೋಟ ನೀರು ಕೊಡಿ" ಅಂದ. ಬಾಯಿಯಲ್ಲಿ ಅತ್ತ ಇತ್ತ ಆಡಿಸಿ ನುಂಗಿ, "ಸೀನೀರು" ಅಂದ. ನಾನೂ ಕುಡಿದೆ. ನನಗೆ ನೀರಿನ ಹಾಗೇ ಇತ್ತು.

ನಾಲ್ಕು ಲಕ್ಷ ಚಿಲ್ಲರೆ ಹೇಳಿದರು. ಎರಡು ಪಾಲಿಗೆ ತಿಂಗಳಿಗೆ 900ರಂತೆ ಬಾಡಿಗೆ ಬರಬಹುದಿತ್ತು. ನಾನು 12ರಿಂದ ಗುಣಿಸಿದೆ. ಮಾವ ಬೈದ. "10ರಿಂದ ಗುಣಿಸು. ಎರಡು ತಿಂಗಳು ಖಾಲಿ ಬಿದ್ದಿರುತ್ತೆ ಅಂದ್ಕೋ." 18,000 ಆಯಿತು. ಅದರಲ್ಲಿ ಕಂದಾಯ, ಸುಣ್ಣಬಣ್ಣ, ಹಂಚು ಕೈಯಾಡಿಸುವುದು ಅಂತ 3,000 ತೆಗೆದ. ಉಳಿದದ್ದು ನೂರಕ್ಕೆ ನಾಲ್ಕೂ ಬೀಳುತ್ತಿರಲಿಲ್ಲ. ಬ್ಯಾಂಕಿನಲ್ಲಿಟ್ಟರೇ ಹೆಚ್ಚು ಬರುತ್ತಲ್ಲ ಮಾವ ಅಂದೆ.

"ಬರುತ್ತೆ. ಆದರೆ ಮಳೆ ಬಂದ್ರೆ ಪಾಸ್‌ಬುಕ್ಕಿನ ಒಳಗೆ ಹೋಗಿ ನಿಂತ್ಕೊಳ್ಳೋಕಾಗುತ್ತೇನೋ?"

ಇದಕ್ಕೆ ಉತ್ತರ ಈಗಲೂ ಗೊತ್ತಿಲ್ಲ. ಲೆಕ್ಕ ನನ್ನದೇ ಸರಿ ಅಂತ ಕೆಲವು ಸಲ ಅನ್ನಿಸುತ್ತದೆ.

ಇಸಿ ತೆಗೆಸಿದಾಗ ಹಳೆಯದೊಂದು ಅಡಮಾನ ಸಿಕ್ಕಿತು, ಮೇಷ್ಟ್ರು ಯಾವುದೋ ಸಹಕಾರ ಸಂಘದಿಂದ ಪಡೆದ ಸಾಲ. ತೀರಿತ್ತು, ಆದರೆ ಬಿಡುಗಡೆ ಪತ್ರ ನೋಂದಣಿಯಾಗಿರಲಿಲ್ಲ. ಅದಕ್ಕೆ ಎರಡು ತಿಂಗಳು ಓಡಾಡಿದೆವು. ಅಷ್ಟರಲ್ಲಿ ಬೇರೆ ಯಾರೋ ಇಪ್ಪತ್ತು ಸಾವಿರ ಹೆಚ್ಚು ಕೊಡುತ್ತೇವೆ ಅಂದರಂತೆ. ಆ ತಾಯಿ, "ನೀರು ಕುಡಿದವರಿಗೇ ಕೊಡೋದು" ಅಂದರಂತೆ. ಇದನ್ನು ಹೇಳಿದವನು ಮಾವ. ಸಂದರ್ಭಕ್ಕೆ ಸ್ವಲ್ಪ ಉಪ್ಪುಖಾರ ಹಾಕುವ ಅಭ್ಯಾಸ ಅವನಿಗಿತ್ತು.

ಆ ಮನೆ ಒಂದು ತಿಂಗಳೂ ಖಾಲಿ ಬಿದ್ದಿಲ್ಲ ಅಂದರೆ ಸುಳ್ಳಾಗುತ್ತದೆ. ಬಿದ್ದಿದೆ, ಹಂಚೂ ಸೋರಿದೆ, ಒಬ್ಬ ಬಾಡಿಗೆದಾರ ಕರೆಂಟು ಬಿಲ್ಲು ಬಿಟ್ಟು ಹೋಗಿದ್ದಾನೆ. ಬಾಡಿಗೆ ವಸೂಲಿ ನೆಪದಲ್ಲಿ ತಿಂಗಳಿಗೊಮ್ಮೆ ಇಡ್ಲಿಯಂತೂ ಆಗುತ್ತದೆ.

ಆದರೆ ನಮ್ಮ ಕ್ಯಾಂಟೀನಿನವನೇ ಒಬ್ಬ ಅದೇ ಕಾಲಕ್ಕೆ ದೇವನಹಳ್ಳಿ ಹತ್ತಿರ, ಕಾಗದ ಸರಿಯಿದ್ದ ಸೈಟು ಹುಡುಕಿ ಕೊಂಡಿದ್ದ. ಅದನ್ನು ಮಾರಿ ಮಗಳ ಮದುವೆ ಮಾಡಿ, ಮಗನನ್ನು ಓದಿಸಿ, ಇನ್ನೂ ಉಳಿಸಿಕೊಂಡಿದ್ದಾನೆ. ನಮ್ಮ ಮಗಳನ್ನು ವಿಮಾನ ಹತ್ತಿಸಲು ಆ ರಸ್ತೆಯಲ್ಲಿ ಹೋದಾಗಲೆಲ್ಲ ನನ್ನ ಹೆಂಡತಿ ಎರಡೂ ಕಡೆಯ ಕಟ್ಟಡಗಳನ್ನು ಒಂದೊಂದಾಗಿ ನೋಡುತ್ತಾ ಬರುತ್ತಾಳೆ, ತುಟಿ ಬಿಚ್ಚುವುದಿಲ್ಲ. ಹೋದ ಸಲ ದಾರಿಯಲ್ಲಿ ಗಾಡಿ ನಿಲ್ಲಿಸಿ ಅಂದಳು. ಇಳಿದು ಹೋಗಿ ಎರಡು ಚಕ್ಕೋತ ಚೌಕಾಸಿ ಮಾಡಿ ತಂದು ನನ್ನ ತೊಡೆಯ ಮೇಲಿಟ್ಟಳು.

"ತಗೊಳ್ರೀ, ಈ ಕಡೆ ನಿಮ್ಮ ಮಾವ ಮಾಡಿಕೊಟ್ಟ ಆಸ್ತಿ."

ಮನೆಗೆ ಬರುವ ಹೊತ್ತಿಗೆ ಒಂದನ್ನು ಬಿಡಿಸಿ ತಿಂದಿದ್ದೆವು. ಹುಳಿ ಕಡಿಮೆಯೇ ಇತ್ತು.