ಮೆಣಸಿನಕಾಯಿ ಊರಿಗೆ ಮೂರು ಸಲ

ಅಂಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಕೊಳ್ಳುವಾಗ ನಾನು ಚೌಕಾಶಿ ಮಾಡದೆ ಬಂದವಳಲ್ಲ. ಒಂದು ಕಾಯಿ ಮುರಿದು ಮೂಸಿ, "ಬಣ್ಣ ಸಾಲದು ಕಣಪ್ಪ" ಅಂತ ಹತ್ತು ರೂಪಾಯಿ ಇಳಿಸಿದ ಮೇಲೆಯೇ ಚೀಲ ತೆಗೆಯುವುದು. ತಂಗಿಯ ಗಂಡನ ಮನೆಗೆ ಒಂದೇ ಬೆಳೆಯಲ್ಲಿ ಮೂರು ಸಲ ಹೋಗಿ ಬಂದ ಮೇಲೆ ಆ ಮಾತು ಬಾಯಿಗೆ ಬರುತ್ತಿಲ್ಲ.

ತಂಗಿಯನ್ನು ಕೊಟ್ಟಿರುವುದು ಧಾರವಾಡ ಜಿಲ್ಲೆಯ ಕುಂದಗೋಳದ ಹತ್ತಿರ ಒಂದು ಹಳ್ಳಿಗೆ. ತಿಪಟೂರಿನಲ್ಲಿ ರೈಲು ಹತ್ತಿದರೆ ದಾವಣಗೆರೆ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ದಾಟಿ ಕುಂದಗೋಳ. ಸವಾಯಿ ಗಂಧರ್ವರ ಊರು ಅಂತ ನಮ್ಮ ಯಜಮಾನರಿಗೆ ಅದರ ಮೇಲೆ ಬಲು ಗೌರವ. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಅಲ್ಲಿನ ಎರೆಮಣ್ಣು. ಒಂದು ಮಳೆ ಬಿದ್ದರೆ ಸಾಕು, ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲಾಗುವುದಿಲ್ಲ.

ಮೊದಲ ಸಲ ಹೋದದ್ದು ಕಾರಹುಣ್ಣಿಮೆ ಮುಗಿದ ಮೇಲೆ. ಬಾವಿ ಪಕ್ಕ ಸಸಿಮಡಿ ಮಾಡಿದ್ದರು. ಹಿಂದಿನ ಬೆಳೆಯಲ್ಲಿ ರೋಗವಿಲ್ಲದ ಗಿಡ ನೋಡಿ, ಚೆನ್ನಾಗಿ ಹಣ್ಣಾದ ಕಾಯಿ ಆರಿಸಿ ತೆಗೆದಿಟ್ಟ ಬೀಜ. ತಂಗಿಯ ಅತ್ತೆ ಝಾರಿಯಿಂದ ಹನಿಹನಿಯಾಗಿ ನೀರು ಚಿಮುಕಿಸುತ್ತಾ, "ಬೀಗರ, ಇವು ಕೂಸು ಇದ್ದಂಗರಿ. ನೀರು ಕಡಿಮಿ ಆದ್ರೂ ಸಾಯ್ತಾವು, ಹೆಚ್ಚಾದ್ರೂ ಕೊಳ್ತು ಸಾಯ್ತಾವು" ಅಂದರು. ಸುಮಾರು ಒಂದೂವರೆ ತಿಂಗಳಾದ ಮೇಲೆ ಮಳೆ ನೋಡಿ ಹೊಲಕ್ಕೆ ನಾಟಿ. ಆ ಮಳೆ ಬರಲಿಲ್ಲ. "ಅಕ್ಕಾ, ಸಸಿ ಬೆಳದು ಕುಂತಾವು, ಮೋಡ ಮಾತ್ರ ಹಂಗೇ ಹೊಂಟಾವು" ಅಂತ ತಂಗಿ ಫೋನಿನಲ್ಲಿ ಹೇಳಿಕೊಂಡಳು. (ನಮ್ಮ ಹುಡುಗಿಯ ಮಾತೂ ಈಗ ಪೂರಾ ಅಲ್ಲಿಯದೇ!)

ದಸರಾಕ್ಕೆ ಹೋದಾಗ ಗಿಡ ಮೊಣಕಾಲುದ್ದ ಬಂದಿತ್ತು. ಅದೇ ಹೊಲದಲ್ಲಿ ಹತ್ತಿಯೂ ಇದೆ, ಈರುಳ್ಳಿಯೂ ಇದೆ. ಮೊದಲು ಈರುಳ್ಳಿ ಕೈಗೆ ಬರುತ್ತದೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಮಳೆ ನಂಬಿದ ಬೇಸಾಯ, ಮೂರರಲ್ಲಿ ಒಂದಾದರೂ ಕೈ ಹಿಡಿಯಲಿ ಅಂತ. ಬೆಳಗಾಗೆದ್ದು ತಂಗಿ ಹೊಲಕ್ಕೆ ಹೋಗಿ ಎಲೆ ಮಗುಚಿ ನೋಡುತ್ತಿದ್ದಳು. ಮುಟುರು ರೋಗದ ಭಯ. ಎಲೆ ಮೇಲ್ಮುಖವಾಗಿ ಸುರುಳಿಯಾದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿ, ಎರಡಕ್ಕೂ ಔಷಧಿ ಬೇರೆ ಬೇರೆ. ಎಸ್‌ಎಸ್‌ಎಲ್‌ಸಿ ದಾಟದ ನನ್ನ ತಂಗಿ ಇದನ್ನೆಲ್ಲ ಡಾಕ್ಟರ ಹಾಗೆ ಹೇಳುತ್ತಿದ್ದರೆ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅಮ್ಮ ಹಾಕಿದ್ದ ಚಿನ್ನದ ಬಳೆ ಇರಲಿಲ್ಲ, ಬರೀ ಗಾಜಿನ ಬಳೆ. ನಾನು ಕೇಳಲಿಲ್ಲ. ರಾತ್ರಿ ಅವಳೇ "ಬ್ಯಾಂಕಿನ್ಯಾಗ ಅದಾವು" ಅಂದು ದೀಪ ಆರಿಸಿದಳು.

ಮೂರನೆಯ ಸಲ ಸಂಕ್ರಾಂತಿಗೆ. ಕಾಯಿ ಗಿಡದಲ್ಲೇ ಪೂರ್ತಿ ಕೆಂಪಾಗಿ ಸ್ವಲ್ಪ ಬಾಡಿದ ಮೇಲೆ ಬಿಡಿಸಬೇಕು. ಹೆಂಗಸರೆಲ್ಲ ಉಡಿ ಕಟ್ಟಿ ಸಾಲು ಹಿಡಿದಿದ್ದರು. ನಾನೂ ಕೈಗೆ ಎಣ್ಣೆ ಸವರಿಕೊಂಡು ನಿಂತೆ. ಮರೆತು ಕಣ್ಣುಜ್ಜಿಕೊಂಡದ್ದನ್ನು ಹೇಳಬೇಕಾಗಿಲ್ಲ, ನಿಮಗೇ ಗೊತ್ತು! ಕಣದಲ್ಲಿ ಹರವಿ, ದಿನಾ ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ಇಬ್ಬನಿಗೆ ಮುಚ್ಚಬೇಕು. ನಾಲ್ಕು ಕೆಜಿ ಹಣ್ಣು ಒಣಗಿದರೆ ಸಿಗುವುದು ಒಂದು ಕೆಜಿ ಅಷ್ಟೆ.

ಹಬ್ಬದ ಮೂರನೆಯ ರಾತ್ರಿ ಗುಡುಗಿತು. ಅಕಾಲದ ಮಳೆ. ಮುದುಕಿ, ಮಕ್ಕಳು, ಪಕ್ಕದ ಮನೆಯವರು, ಎಲ್ಲರೂ ತಾಡಪಾಲು ಹಿಡಿದು ಓಡಿದೆವು. ಮುಕ್ಕಾಲು ಪಾಲು ಉಳಿಯಿತು. ಮೂಲೆಯ ಒಂದು ಗುಡ್ಡೆ ನೆನೆದೇ ಹೋಯಿತು. ನಾಲ್ಕೇ ದಿನದಲ್ಲಿ ಅದರ ಕೆಂಪು ಇಳಿದು ಬಿಳಿಗಾಯಿ ಆಯಿತು. ಬೂಷ್ಟು ಹಿಡಿದದ್ದನ್ನು ಅತ್ತೆಯವರು ಒಂದೊಂದಾಗಿ ಆರಿಸಿ ಬೆಂಕಿಗೆ ಹಾಕಿದರು.

ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಅದರ ಬೆಲೆಯೆಲ್ಲ ಬಣ್ಣದಲ್ಲಿ. ಆ ಬಣ್ಣ ತೆಗೆದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಸೋಮವಾರ ಮತ್ತು ಗುರುವಾರ ಬ್ಯಾಡಗಿ ಪೇಟೆ. ಭಾವನ ಜೊತೆ ನಾವಿಬ್ಬರೂ ಹೋದೆವು. ಕಣ್ಣು ಹಾಯಿಸಿದಷ್ಟು ದೂರ ಕೆಂಪು ರಾಶಿ. ಗಿಡ್ಡಗೆ ದಪ್ಪಗಿರುವ ಡಬ್ಬಿ, ಉದ್ದಕ್ಕೆ ಸಣ್ಣಗಿರುವ ಕಡ್ಡಿ. ಎರಡೂ ಮುದುಕಿಯ ಕೆನ್ನೆಯಂತೆ ಸುಕ್ಕು ಸುಕ್ಕು. ಸೀನು ನಿಲ್ಲಲಿಲ್ಲ. ವ್ಯಾಪಾರಿಯೊಬ್ಬ ನಮ್ಮ ರಾಶಿಯಿಂದ ಒಂದು ಕಾಯಿ ತೆಗೆದು, ಮುರಿದು, ಮೂಸಿ, ಮುಖ ಸೊಟ್ಟ ಮಾಡಿದ. ಥೇಟು ನನ್ನ ಹಾಗೆ! ನಾನು ತಲೆ ತಗ್ಗಿಸಿದೆ.

ಬಂದ ದುಡ್ಡು ಔಷಧಿ ಸಾಲಕ್ಕೆ, ಕೂಲಿಗೆ ಸರಿಹೋಯಿತು. ಬಳೆಗೆ ಹತ್ತಿ ಬರಬೇಕು.

ಹೊರಡುವಾಗ ನನಗೆ ಎರಡು ಕೆಜಿ ಕಟ್ಟಿಕೊಟ್ಟರು. ಬಿಸಿಲಿಗೆ ಇನ್ನೊಮ್ಮೆ ಹಾಕಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಡಿ, ಸಾರಿನ ಪುಡಿಗೆ ಖಾರ ಬೇಕಾದರೆ ಗುಂಟೂರು ನಾಲ್ಕು ಸೇರಿಸಿ ಅಂತ ಅತ್ತೆಯವರ ಉಪದೇಶ. ಒಂದೊಂದು ಕಾಯಿಯೂ ಕಡುಗೆಂಪು. ಅವರ ಅಡುಗೆಮನೆ ಡಬ್ಬದ ಮುಚ್ಚಳ ತೆಗೆದು ನೋಡಿದರೆ ಬರೀ ಬಿಳಿಗಾಯಿ. ದುಡ್ಡು ಕೊಟ್ಟರೆ ತಗೊಳ್ಳುವವರಲ್ಲ. ಯಾರೂ ಇಲ್ಲದಾಗ ಆ ಡಬ್ಬದ ತಳದಲ್ಲಿ ಸ್ವಲ್ಪ ಇಟ್ಟು ಬಂದೆ.

ವಾರ ಕಳೆದ ಮೇಲೆ ಫೋನು. "ಅಕ್ಕಾ, ಮೆಣಸಿನಕಾಯಿ ಡಬ್ಬ್ಯಾಗ ರೊಕ್ಕ ಬೆಳದಾವು ನೋಡು!"

"ಬಳೆಗೆ ಸೇರಿಸಿಕೋ" ಅಂದೆ. ಹತ್ತಿ ಇನ್ನೂ ಬಿಡಿಸುತ್ತಿದ್ದಾರಂತೆ.